ಅಲ್ಲಾಡದೆ ಕೂತವರನ್ನೂ ಎಣಿಸುವ ಬಗ್ಗೆ

ಇಂದ,
ಶರಣಮ್ಮ, ಬಿಗಾರಿ ಕೆಲಸದವಳು,
ಬೇವಿನ ಮರದ ಕಟ್ಟೆ, ಮೂಡಣ ಮಗ್ಗುಲು,
ಮಜೂರ ಅಡ್ಡಾ, ನಿಗಡಿ, ಪುಣೆ.
ಅರ್ಜಿದಾರಳಿಗೆ ಅಕ್ಷರ ಬಾರದ ಕಾರಣ ಬರೆದವನು: ರಘುರಾಮ, ಎದುರಿನ ಇಡ್ಲಿ ಹೋಟೆಲಿನ ಗಲ್ಲಾ.

ಗೆ,
ಮಾನ್ಯ ಎಣಿಕೆ ಯಂತ್ರದವರು,
ಸದರಿ ಹೋಟೆಲಿನ ಬೋರ್ಡಿನ ಮೇಲ್ಭಾಗ, ನಿಗಡಿ.

ಮೂಲಕ: ತಮ್ಮನ್ನು ತಯಾರಿಸಿದ ನೀರಜಾ ಮೇಡಂ ಅವರು.

ದಿನಾಂಕ: ೧೪ ಫೆಬ್ರವರಿ ೨೦೦೮

ವಿಷಯ: ಅರ್ಜಿದಾರಳು ದಿನಾ ಬೆಳಿಗ್ಗೆ ಕಟ್ಟೆಯ ಮೇಲೆ ಕೂತಿರುತ್ತಾಳೆ ಎಂಬುದನ್ನು ತಾವು ಒಪ್ಪಿಕೊಂಡು, ಕಟ್ಟೆಯನ್ನು ಉಳಿಸಿಕೊಡುವ ಬಗ್ಗೆ.

ಉಲ್ಲೇಖ:
೧. ತಮ್ಮ ಮೊದಲನೆಯ ವರದಿ: "ಕಟ್ಟೆಯನ್ನು ಯಾರೂ ಬಳಸುವುದಿಲ್ಲ."
೨. ತಮ್ಮ ಎರಡನೆಯ ವರದಿ: "ಕಟ್ಟೆಯ ಮೇಲೆ ಯಾರೂ ಕೂರುವುದಿಲ್ಲ. ಎಲ್ಲರೂ ಅದನ್ನು ಸುತ್ತುತ್ತಾರೆ."
೩. ಇವೆರಡನ್ನೂ ಓದಿ ಹೇಳಿದಾಗ ಅರ್ಜಿದಾರಳು ಹೋಟೆಲಿನ ಮೆಟ್ಟಿಲ ಮೇಲೆ ನಿಂತು ಕೇಳಿದ ಮಾತು: "ಹಂಗಾರ ನಾ ಏನ್ ಸತ್ತೀನೇನ್ರಿ?"

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ಅರ್ಜಿದಾರಳು ಸತ್ತಿಲ್ಲ. ಈ ಅರ್ಜಿ ಬರೆಯುವ ಹೊತ್ತಿಗೆ ಆಕೆ ಗಲ್ಲಾದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದು, ಪೆನ್ನು ಎಲ್ಲಿ ನಿಂತರೂ "ಯಾಕ ನಿಂತ್ರಿ ಶೆಟ್ರ, ಬರೀರಲ್ಲ" ಎಂದು ಗದರುತ್ತಿದ್ದಾಳೆ. ಬರೆಯುವವನು ಶೆಟ್ಟಿಯಲ್ಲ. ಆದರೆ ಪುಣೆಯಲ್ಲಿ ಇಡ್ಲಿ ಹೋಟೆಲಿನ ಗಲ್ಲಾದಲ್ಲಿ ಕೂತವರೆಲ್ಲ ಶೆಟ್ಟರೇ ಆದ ಕಾರಣ, ಆ ತಿದ್ದುಪಡಿಗೆ ಬೇರೆ ಅರ್ಜಿ ಹಾಕಿಕೊಳ್ಳಲಾಗುವುದು.

ಈ ಊರಿನಲ್ಲಿ ಅರ್ಜಿ ಎಂದರೆ ಮರಾಠಿಯಲ್ಲೇ ಹೋಗತಕ್ಕದ್ದು. ಆದಾಗ್ಯೂ ಇದನ್ನು ಕನ್ನಡದಲ್ಲಿ ಸಲ್ಲಿಸಲು ಕಾರಣ, ತಮ್ಮನ್ನು ತಯಾರಿಸಿದ ನೀರಜಾ ಮೇಡಂ ಮೈಸೂರು ಕಡೆಯವರು. ಹಡೆದಾಕೆಯ ಮಾತು ಮಗುವಿಗೆ ತಿಳಿಯದೆ ಇರುತ್ತದೆಯೇ ಎಂಬುದು ಅರ್ಜಿದಾರಳ ವಾದ. ತಾವು ಯಂತ್ರ, ಮಗುವಲ್ಲ ಎಂದು ಬರೆಯುವವನು ಹೇಳಿ ನೋಡಿದ. ಅದರಿಂದ ಪ್ರಯೋಜನವಾಗಿಲ್ಲ.

೧. ಅರ್ಜಿದಾರಳ ಪರಿಚಯ. ಯಾದಗಿರಿ ಕಡೆಯ ಶರಣಮ್ಮ ಪುಣೆಗೆ ಬಂದಾಗ ನಿಗಡಿಯಲ್ಲಿ ಈಗ ಕಾಣುವ ಕಟ್ಟಡಗಳಲ್ಲಿ ಅರ್ಧಕ್ಕರ್ಧ ಇರಲಿಲ್ಲ. ಇಟ್ಟಿಗೆ ಹೊತ್ತು ಹೊತ್ತು ಅವುಗಳನ್ನು ಮೇಲೆ ಕಳಿಸಿದವರಲ್ಲಿ ಆಕೆಯೂ ಒಬ್ಬಳು. ಈಗ ಮೊಣಕಾಲು ಕೈಕೊಟ್ಟಿದೆ. ಹೊರುವ ಕೆಲಸ ಆಗುವುದಿಲ್ಲ. ಹೊಸ ಗೋಡೆಗೆ ನೀರು ಹೊಡೆಯುವುದು, ಕೆಲಸದ ಹೆಂಗಸರ ಕೂಸುಗಳನ್ನು ಮರಳಿನ ರಾಶಿಯ ಹತ್ತಿರ ನೋಡಿಕೊಳ್ಳುವುದು, ಇಷ್ಟಕ್ಕೆ ಆಕೆಯನ್ನು ಕರೆಯುತ್ತಾರೆ. ಕರೆಯುವವನು ಅಂಬಾದಾಸ, ಬಿಲ್ಡರುಗಳಿಗೆ ಜನ ಒದಗಿಸುವ ಮುಕಾದಮ.

ಈ ಅಡ್ಡಾದ ರಿವಾಜು ತಮಗೆ ಮೇಲಿನಿಂದ ಕಂಡಿರಲಾರದು. ಕೆಲಸ ಬೇಕಾದವರು ಬೆಳಿಗ್ಗೆ ಕಟ್ಟೆಗೆ ಬಂದು ಅವರವರ ಜಾಗದಲ್ಲಿ ಕೂರಬೇಕು. ಗೋಡೆ ಕಟ್ಟುವ ಗೌಂಡಿಗಳು ಬಸ್ ಸ್ಟಾಪಿನ ಕಡೆಗೆ, ಇಟ್ಟಿಗೆ ಗಾರೆ ಹೊರುವ ಬಿಗಾರಿಗಳು ಅವರ ಎಡಕ್ಕೆ, ಶರಣಮ್ಮ ಮೂಡಣ ಮಗ್ಗುಲಿಗೆ. ಕೂತವರು ಕೂತೇ ಇರಬೇಕು. ಅಲ್ಲಿ ಇಲ್ಲಿ ತಿರುಗಾಡುವವನನ್ನು ಮುಕಾದಮ ಕರೆಯುವುದಿಲ್ಲ. ಇವನಿಗೆ ಬೀಡಿಯ ಚಟ, ಕೆಲಸದಲ್ಲೂ ಹೀಗೇ ಕಾಲು ಕೀಳುತ್ತಾನೆ ಎಂದುಕೊಳ್ಳುತ್ತಾನೆ. ಅಂಬಾದಾಸ ಬೈಕ್ ನಿಲ್ಲಿಸಿ, ಮೂಡಣಕ್ಕೆ ಕಣ್ಣು ಹಾಯಿಸಿ, "ಆಯಿ, ಚಲಾ", ಅಂದರೆ ಅವ್ವ ನಡಿ, ಎನ್ನುತ್ತಾನೆ. ಶರಣಮ್ಮನ ನೇಮಕಾತಿ ಆದೇಶ ಅಷ್ಟೇ.

ಕಾರಣ, ಕಟ್ಟೆ ಹೋದರೆ ಆಕೆ ನಿಂತು ಕಾಯಬೇಕು. ನಿಲ್ಲಲು ಮೊಣಕಾಲು ಒಪ್ಪುವುದಿಲ್ಲ. ಆದ್ದರಿಂದ ಕಟ್ಟೆ ಇಲ್ಲದಿದ್ದರೆ ಶರಣಮ್ಮನಿಗೆ ಕೆಲಸವೂ ಇಲ್ಲ. ಈ ಅರ್ಜಿಯಲ್ಲಿ ಉಳಿದದ್ದೆಲ್ಲ ತಮಾಷೆ ಎನಿಸಿದರೂ ಈ ಒಂದು ಮಾತನ್ನು ತಮಾಷೆ ಎಂದು ಎಣಿಸಬಾರದು.

೨. ತಮ್ಮ ಆಗಮನ. ದೀಪಾವಳಿ ಮುಗಿದ ಮೇಲೆ ತಾವು ಕ್ಯಾಮೆರಾ ರೂಪದಲ್ಲಿ ನಮ್ಮ ಹೋಟೆಲಿನ ಬೋರ್ಡಿನ ಮೇಲೆ ವಿರಾಜಮಾನರಾದಿರಿ. ಚೌಕ ಸುಶೋಭೀಕರಣ ಸಮಿತಿ ಎಂಬುದೊಂದು ಹುಟ್ಟಿಕೊಂಡಿದ್ದು, ಚೌಕವನ್ನು ಚೆಂದ ಮಾಡುವ ಮೊದಲು ಇಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆ ಎಂದು ತಿಳಿದು ಹೇಳಲು ಮೇಡಂ ಅವರ ಕಾಲೇಜಿಗೆ ಕೇಳಿಕೊಂಡಿತ್ತು. ಮೇಡಂ ತಮ್ಮನ್ನು ತಂದರು. ತಮ್ಮ ಪೆಟ್ಟಿಗೆ ಮತ್ತು ಟಿವಿಯನ್ನು ಮಹಡಿಯ ಸ್ಟೋರಿನಲ್ಲಿ ರವೆ ಚೀಲಗಳ ನಡುವೆ ಇಟ್ಟರು. ತಾವು ಎಲ್ಲರನ್ನೂ ನೋಡುತ್ತೀರಿ, ಆದರೆ ಯಾರ ಮುಖವನ್ನೂ ಇಟ್ಟುಕೊಳ್ಳುವುದಿಲ್ಲ, ಮನುಷ್ಯರನ್ನು ಬರೀ ಬಿಳಿ ನೆರಳು ಮಾಡಿ ಎಣಿಸಿ, ಚಿತ್ರವನ್ನು ಅಲ್ಲಿಯೇ ಅಳಿಸಿಬಿಡುತ್ತೀರಿ ಎಂದು ಮೇಡಂ ಕಟ್ಟೆಯ ಹತ್ತಿರ ನಿಂತು ವಿವರಿಸಿದರು.

"ಯಾರೂ ಹೆದರ್ಕೋಬೇಡಿ. ನಿಮ್ಮ ಪ್ರೈವಸಿ ಹಂಡ್ರೆಡ್ ಪರ್ಸೆಂಟ್ ಸೇಫು. ಮುಖ ಎಲ್ಲೂ ಬರಲ್ಲ."

ಅಡ್ಡಾದಲ್ಲಿ ಹೆದರಿದವರು ಯಾರೂ ಇರಲಿಲ್ಲ. ನಿರಾಶೆಯಾದವರು ಬಹಳ ಮಂದಿ ಇದ್ದರು.

"ಮುಖ ಬರಲಾರ್ದ ಫೋಟೊ ಯಾವ ಸೀಮಿ ಫೋಟೊ ಅಕ್ಕೋರ?" ಎಂದು ಶರಣಮ್ಮ ಕೇಳಿದಳು.

ಮೇಡಂ ನಕ್ಕು ಹೋದರು. ಅವರು ಅತ್ತ ಹೋಗುತ್ತಲೇ ಗೌಂಡಿ ಜಟ್ಟೆಪ್ಪ ಎದ್ದು ನಿಂತ. ಜಟ್ಟೆಪ್ಪ ಅಡ್ಡಾದ ಸ್ವಯಂಘೋಷಿತ ಹಿರಿಯ. ತನ್ನ ಮದುವೆಯಲ್ಲಿ ಒಮ್ಮೆ ಸ್ಟುಡಿಯೋ ಹೊಕ್ಕು ಬಂದವನು. ಫೋಟೊ ವಿಷಯದಲ್ಲಿ ಅವನ ಮಾತಿಗೆ ಅಪೀಲು ಇರಲಿಲ್ಲ.

"ಅವ್ರು ಹಂಗ ಅಂತಾರ. ಕ್ಯಾಮೆರಾ ಅಂದ್ರ ಕ್ಯಾಮೆರಾ. ಮುಖ ಬಂದೇ ಬರ್ತದ. ಆದ್ರ ಅಲ್ಲಾಡಿದ್ರ ಕೆಡ್ತದ ನೋಡ್ರಿ. ಯಾರೂ ಮಿಸುಕಬ್ಯಾಡ್ರಿ. ಉಸರ ಸಣ್ಣಗ ಬಿಡ್ರಿ."

ಮರುದಿನದಿಂದ ಅಡ್ಡಾದ ಶಿಸ್ತನ್ನು ನೋಡಬೇಕಿತ್ತು. ಗಂಡಸರು ತಲೆಗೆ ಎಣ್ಣೆ ಹಚ್ಚಿ, ಕ್ರಾಪು ತೆಗೆದು ಬಂದರು. ಜಟ್ಟೆಪ್ಪನ ಸೊಸೆ ಸೋನಾಲಿ ಸಿಮೆಂಟು ಕಲಸುವ ಕೆಲಸಕ್ಕೆ ಮದುವೆ ಸೀರೆ ಉಟ್ಟು ಪೌಡರು ಬಳಿದುಕೊಂಡು ಬಂದಳು. ಎಲ್ಲರೂ ಕೈಗಳನ್ನು ಮೊಣಕಾಲ ಮೇಲೆ ಇಟ್ಟು, ಗದ್ದ ಎತ್ತಿ, ಹೋಟೆಲಿನ ಬೋರ್ಡನ್ನೇ ದಿಟ್ಟಿಸಿ ಕೂತರು. ಇಡ್ಲಿ ತಿನ್ನಲು ಬಂದ ಗಿರಾಕಿಗಳು ನಮ್ಮ ಬೋರ್ಡಿನಲ್ಲಿ ಏನೋ ಮಹಿಮೆ ಇದೆಯೆಂದು ತಾವೂ ತಿರುಗಿ ನೋಡಿದರು. ಶರಣಮ್ಮ ರೆಪ್ಪೆ ಬಡಿಯುವುದನ್ನೂ ಆದಷ್ಟು ತಡೆದಳು. ಹೀಗೆ ತಮ್ಮ ಎಣಿಕೆ ಮುಗಿಯುವವರೆಗೆ, ಮುಕಾದಮ ಬಂದು ಕರೆಯುವ ತನಕ, ಅಡ್ಡಾದ ಅಷ್ಟೂ ಜನ ತಮಗೆ ಮರ್ಯಾದೆ ಕೊಟ್ಟು ಕಲ್ಲಿನಂತೆ ಕೂತರು. ಸೋನಾಲಿ ಮಾತ್ರ ಸೆರಗು ಜಾರುತ್ತದೆಂದು ಆಗಾಗ ಕೈ ಆಡಿಸಿ ಮಾವನ ಕೈಲಿ ಬೈಸಿಕೊಂಡಳು.

೩. ಮೊದಲನೆಯ ವರದಿ. ತಾವು ಬರೆದಿರಿ: ಬಸ್ ಸ್ಟಾಪಿನಲ್ಲಿ ಜನ ಇದ್ದಾರೆ, ಹೋಟೆಲಿನ ಮುಂದೆ ಜನ ಇದ್ದಾರೆ. ಕಟ್ಟೆಯ ಮೇಲೆ ಆಗೊಮ್ಮೆ ಈಗೊಮ್ಮೆ ಒಂದು ಆಕೃತಿ, ಮತ್ತು ಖಾಯಂ ಆಗಿ ಒಂದು ನಾಯಿ. ಉಳಿದಂತೆ ಕಟ್ಟೆ ಖಾಲಿ. ಇದನ್ನು ಓದಿದ ಸಮಿತಿ, ಕಟ್ಟೆ ಒಡೆದು ಕಾರಂಜಿ ಮಾಡಿ ಸುತ್ತ ಕಬ್ಬಿಣದ ಬೇಲಿ ಹಾಕಲು ತೀರ್ಮಾನಿಸಿತು. ಆ ಒಂದು ಆಕೃತಿ ಸೋನಾಲಿ. ನಾಯಿ ಯಾರದ್ದೂ ಅಲ್ಲ.

ಸುದ್ದಿ ಕೇಳಿ ಮೇಡಂ ಅವರೇ ಗಾಬರಿಯಾಗಿ ಬಂದರು. ಕಟ್ಟೆಯಲ್ಲಿ ಜನ ಇರುವುದನ್ನು ಕಣ್ಣಾರೆ ಕಂಡವರು ಅವರು. ಶರಣಮ್ಮನನ್ನು ಕೈಹಿಡಿದು ಮಹಡಿ ಹತ್ತಿಸಿ ತಮ್ಮ ಟಿವಿಯ ಮುಂದೆ ನಿಲ್ಲಿಸಿದರು. ಬರೆಯುವವನೂ ಹಿಂದೆ ಹೋಗಿದ್ದ. ಪರದೆಯೆಲ್ಲ ಕಪ್ಪು. ರಸ್ತೆಯಲ್ಲಿ ನಡೆಯುವವರು ಬಿಳಿ ನೆರಳಾಗಿ ಹೋಗುತ್ತಿದ್ದರು. ಕಟ್ಟೆ ಇರಬೇಕಾದ ಕಡೆ ಕಗ್ಗತ್ತಲೆ. ಕಿಟಕಿಯಿಂದ ಇಣುಕಿದರೆ ಅದೇ ಕಟ್ಟೆಯಲ್ಲಿ ಜಟ್ಟೆಪ್ಪ ಮಹಾರಾಜನ ಹಾಗೆ ಕೂತಿದ್ದ. ಅಷ್ಟರಲ್ಲಿ ಅವನು ಮೂಗು ತುರಿಸಿಕೊಂಡನೆಂದು ಕಾಣುತ್ತದೆ, ಕತ್ತಲೆಯ ಪರದೆಯಲ್ಲಿ ಒಂದು ಬಿಳಿ ಕೈ ಮೇಲಕ್ಕೆ ಹೋಗಿ, ಸ್ವಲ್ಪ ಆಡಿ, ಮಾಯವಾಯಿತು.

"ಅಯ್ಯಯ್ಯ ನಮ್ಮವ್ವ!" ಎಂದು ಶರಣಮ್ಮ ಎದೆ ಹಿಡಿದುಕೊಂಡಳು. "ಜಟ್ಟೆಪ್ಪನ ಕೈ ಅಷ್ಟ ಉಳದದ! ಉಳದ ಜಟ್ಟೆಪ್ಪನ್ನ ಏನ್ ಮಾಡಿದ್ರಿ ಅಕ್ಕೋರ?"

ಮೇಡಂ ಅವಳನ್ನು ರವೆ ಚೀಲದ ಮೇಲೆ ಕೂರಿಸಿ ನೀರು ಕೊಟ್ಟು ತಿಳಿಹೇಳಿದರು. "ಏನೂ ಆಗಿಲ್ಲಮ್ಮ. ಅಲ್ಲಾಡೋದು ಮನುಷ್ಯ, ಅಲ್ಲಾಡದೆ ಇರೋದು ಗೋಡೆ, ಮರ ಅಂತ ಮೆಷೀನ್ ಅಂದ್ಕೊಳ್ಳುತ್ತೆ. ತುಂಬಾ ಹೊತ್ತು ಸುಮ್ನೆ ಕೂತ್ರೆ ಬ್ಯಾಕ್‌ಗ್ರೌಂಡ್ ಆಗ್ಬಿಡ್ತೀರ. ಅಷ್ಟು ಸುಮ್ನೆ ಯಾರಾದ್ರೂ ಕೂರ್ತಾರೆ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ. ನಂಬರ್ಸ್ ನಾನು ಕೈಯಿಂದ ತಿದ್ದೋ ಹಾಗಿಲ್ಲ. ಇನ್ನೊಂದು ವಾರ ಕೌಂಟ್ ಮಾಡಿಸ್ತೀನಿ. ಈ ಸಲ ಸ್ವಲ್ಪ ಅಲ್ಲಾಡ್ತಾ ಇರಿ."

೪. ಎರಡನೆಯ ಎಣಿಕೆ. ಮೇಡಂ "ಸ್ವಲ್ಪ" ಎಂದಿದ್ದರು. ಜಟ್ಟೆಪ್ಪನ ಕಿವಿಯಲ್ಲಿ ಆ ಪದಕ್ಕೆ ಜಾಗ ಇರಲಿಲ್ಲ. "ಮಿಸುಕಬ್ಯಾಡ್ರಿ" ಎಂದಿದ್ದವನೇ "ಯಾರೂ ಕುಂದ್ರಬ್ಯಾಡ್ರಿ" ಎಂದು ಹುಕುಂ ಹೊರಡಿಸಿದ. ಮುಂಜಾನೆಯ ಚಳಿಯಲ್ಲಿ ಅಷ್ಟೂ ಮಂದಿ ಬೇವಿನ ಮರದ ಸುತ್ತ ಸುತ್ತತೊಡಗಿದರು. ಸಲಿಕೆ ಹಿಡಿದವರು ಮುಂದೆ, ಬುಟ್ಟಿ ಹೊತ್ತವರು ಹಿಂದೆ. ಎರಡನೇ ದಿನ ಹಾಲು ಒಯ್ಯಲು ಬಂದ ಒಬ್ಬ ಮರಾಠಿ ಅಜ್ಜಿ ನೋಡಿ, ಚಪ್ಪಲಿ ಕಳಚಿಟ್ಟು ತಾನೂ ಸೇರಿಕೊಂಡಳು. ಮೂರನೇ ದಿನ ಮರಕ್ಕೆ ಕುಂಕುಮ ಬಿತ್ತು. ನಾಲ್ಕನೇ ದಿನ ಯಾರೋ ತೆಂಗಿನಕಾಯಿ ಒಡೆದರು. ಚೂರು ನಮ್ಮ ಹೋಟೆಲಿನ ಚಟ್ನಿಗೂ ಬಂತು ಎಂಬ ಪುಕಾರಿನಲ್ಲಿ ಹುರುಳಿಲ್ಲ.

ಅಂಬಾದಾಸ ಬೈಕಿನಲ್ಲಿ ಬಂದವನು ಎಂಜಿನ್ ಆರಿಸದೆ ನೋಡುತ್ತ ನಿಂತ. "ಕಾಯ್ ಝಾಲಂ? ಮೋರ್ಚಾ ಆಹೇ ಕಾ?" ಏನಾಯಿತು, ಪ್ರತಿಭಟನೆಯೇ ಎಂದು ಅವನ ಪ್ರಶ್ನೆ.

"ಮೋರ್ಚಾ ಅಲ್ಲೋ ತಮ್ಮ," ಎಂದು ಜಟ್ಟೆಪ್ಪ ಸುತ್ತುತ್ತಲೇ ಉತ್ತರಿಸಿದ. "ನಾವ್ ಇದ್ದೀವಿ ಅಂತ ತೋರಸ್ಲಿಕತ್ತೀವಿ."

"ಇದ್ರ ಕುಂದರ್ರಿ ಮತ್ತ! ಹಿಂಗ ಗಾಣದೆತ್ತಿನಂಗ ತಿರಗವರನ್ನ ಹ್ಯಾಂಗ ಆರಸ್ಲಿ ನಾ?" ಎಂದು ಅಡ್ಡಾದಲ್ಲೇ ಕಲಿತ ಕನ್ನಡದಲ್ಲಿ ಬೈದು, ಅಂಬಾದಾಸ ಆ ವಾರವೆಲ್ಲ ದೇಹೂ ರೋಡ್ ಅಡ್ಡಾದಿಂದ ಜನ ಕರೆದುಕೊಂಡು ಹೋದ. ಇದ್ದೇವೆಂದು ತೋರಿಸುವ ಗದ್ದಲದಲ್ಲಿ ಇವರಿಗೆ ಇದ್ದ ಕೆಲಸವೂ ತಪ್ಪಿತು. ಶರಣಮ್ಮನ ಕಥೆ ಇನ್ನೂ ಚೆಂದ. ಎರಡು ಸುತ್ತಿಗೆ ಮೊಣಕಾಲು ಕೂಗಿತು. ಆಕೆ ಹೋಗಿ ತನ್ನ ಮೂಡಣ ಮಗ್ಗುಲಿನಲ್ಲಿ ಕೂತಳು. ತಾವು ಆಕೆಯನ್ನು ಕೂಡಲೇ ಗೋಡೆಗೆ ಜಮಾ ಮಾಡಿಕೊಂಡಿರಿ.

ತಮ್ಮ ಎರಡನೆಯ ವರದಿ ಹೀಗಿತ್ತು: ಈ ಸ್ಥಳದಲ್ಲಿ ಜನ ವಿಪರೀತ ನಡೆಯುತ್ತಾರೆ, ಯಾರೂ ಕೂರುವುದಿಲ್ಲ, ನಡುವಿನ ಕಟ್ಟೆ ನಡಿಗೆಗೆ ಅಡ್ಡಿ. ಸಮಿತಿಗೆ ಬಹಳ ಸಂತೋಷವಾಯಿತು. ಕಾರಂಜಿ ರದ್ದಾಗಿ, ಕಟ್ಟೆ ಒಡೆದು ವಾಕಿಂಗ್ ಟ್ರ್ಯಾಕ್ ಮಾಡುವ ಯೋಜನೆ ಸಿದ್ಧವಾಯಿತು. ಬರುವ ಸೋಮವಾರದ ಸಭೆಯಲ್ಲಿ ಅದಕ್ಕೆ ಮುದ್ರೆ ಬೀಳುತ್ತದೆ.

ಹೀಗಾಗಿ ಅರ್ಜಿದಾರಳ ಸ್ಥಿತಿ ಅತ್ತ ದರಿ ಇತ್ತ ಪುಲಿ. ಕೂತರೆ ಆಕೆ ಇಲ್ಲ. ನಡೆದರೆ ಕಟ್ಟೆ ಬೇಡ.

೫. ಚಿತ್ರ ಸಿಕ್ಕಿದ ಸಂಗತಿ. ಮೊನ್ನೆ ಮೇಡಂ ಎರಡೂ ವರದಿಗಳನ್ನು ಹಿಡಿದು ನಮ್ಮ ಹೋಟೆಲಿನಲ್ಲಿ ಸಪ್ಪೆ ಮುಖ ಹಾಕಿಕೊಂಡು ಕೂತಿದ್ದರು. ಬರೆಯುವವನು ವರದಿಯನ್ನು ಗಟ್ಟಿಯಾಗಿ ಓದಿ ಶರಣಮ್ಮನಿಗೆ ಅರ್ಥ ಹೇಳುತ್ತಿದ್ದ. ಓದು ಬಾರದವಳಾದ್ದರಿಂದ ಆಕೆ ಮೊದಲನೆಯ ವರದಿಯ ಪುಟದಲ್ಲಿದ್ದ ಚಿತ್ರವನ್ನು ನೋಡುತ್ತಿದ್ದಳು. ಅಂಗೈ ಅಗಲದ ಚಿತ್ರ. ಕೆಳಗೆ "ಖಾಲಿ ಕಟ್ಟೆ" ಎಂದು ಬರೆದಿತ್ತು. ತಾವೇ ತಯಾರಿಸಿ ತಾವೇ ಅಂಟಿಸಿದ್ದು. ಓದು ಬಲ್ಲವರೆಲ್ಲ ಆ ಬರಹವನ್ನಷ್ಟೇ ಓದಿ ಪುಟ ತಿರುವಿದ್ದರು.

"ಶೆಟ್ರ, ಇಕಿ ಯಾರ್ರಿ?" ಎಂದಳು.

ಬರೆಯುವವನು ಕನ್ನಡಕ ಹಾಕಿಕೊಂಡು ನೋಡಿದ. ಬೇವಿನ ಮರ. ಅದರ ಕೆಳಗೆ ಕಟ್ಟೆ. ಕಟ್ಟೆಯ ಮೇಲೆ ಅಡ್ಡಾದ ಅಷ್ಟೂ ಜನ! ಕ್ರಾಪು ತೆಗೆದು, ಕೈ ಮೊಣಕಾಲ ಮೇಲೆ ಇಟ್ಟು, ಗದ್ದ ಎತ್ತಿ ನಮ್ಮನ್ನೇ ನೋಡುತ್ತಿದ್ದರು. ಸೋನಾಲಿಯೊಬ್ಬಳನ್ನು ಬಿಟ್ಟು ಎಲ್ಲರದ್ದೂ ಮುಖ ಮುಖದಂತೆಯೇ ಇತ್ತು. ಮೂಡಣ ಮಗ್ಗುಲಿನಲ್ಲಿ ಶರಣಮ್ಮ, ಕಣ್ಣು ಅಗಲಿಸಿ, ದೇವಿಯಂತೆ ಕೂತಿದ್ದಳು.

ಮೇಡಂ ಚಿತ್ರ ನೋಡಿದರು. ಕಾಫಿ ಲೋಟ ಕೈಯಲ್ಲೇ ನಿಂತಿತು. "ಅಯ್ಯೋ ದೇವ್ರೇ. ಅಲ್ಲಾಡಿದೋರ ಮುಖಾನ್ನೆಲ್ಲ ಮೆಷೀನ್ ಅಳಿಸಿದೆ. ಇವ್ರನ್ನ ಕಟ್ಟೆ ಅಂದ್ಕೊಂಡು ಹಾಗೇ ಇಟ್ಕೊಂಡಿದೆ!"

ಮೂರನೇ ಮೇಜಿನಿಂದ ಜಟ್ಟೆಪ್ಪ ಎದ್ದು ಬಂದ. ಚಿತ್ರವನ್ನು ಬಹಳ ಹೊತ್ತು ನೋಡಿದ. "ನಾ ಹೇಳಿದ್ನಿಲ್ಲ?" ಎಂದಷ್ಟೇ ಹೇಳಿ ಹೋಗಿ ಕೂತ. ಆವತ್ತಿನಿಂದ ಅವನ ಜೊತೆ ಮಾತಾಡುವುದೇ ಕಷ್ಟವಾಗಿದೆ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಳ್ಳಲ್ಲ. ಮೇಡಂ ಮುಖ ಮತ್ತೆ ಸಪ್ಪಗಾಯಿತು. "ಇದನ್ನ ಡಿಲೀಟ್ ಮಾಡ್ಲೇಬೇಕಮ್ಮ. ಯಾರ ಮುಖಾನೂ ಇಟ್ಕೊಳ್ಳಲ್ಲ ಅಂತ ಬರ್ಕೊಟ್ಟಿದ್ದೀವಿ. ಇದು ನಿಮ್ಮ ಪ್ರೈವಸಿ. ನಿಮ್ಮ ಗುಟ್ಟು."

"ಗುಟ್ಟ?" ಎಂದಳು ಶರಣಮ್ಮ. "ಊರ ಮಂದಿ ಎದುರಿಗಿ ಬಯಲಾಗ ಕುಂತಾಕಿಗಿ ಎಂಥಾ ಗುಟ್ಟ ನಮ್ಮವ್ವ? ನನ್ನ ಯಾರರ ನೋಡ್ಲಿ, ಕರೀಲಿ ಅಂತನ ಅಲ್ಲಿ ಕುಂದರ್ತೀನಿ. ಮುಖಾ ಅಳಸಿ ನನ್ನ ಕಾಪಾಡ್ತೀರಿ, ಕಟ್ಟಿ ಒಡದು ಎಲ್ಲಿ ಕಳಸ್ತೀರಿ?"

ಮೇಡಂ ಚಿತ್ರವನ್ನು ಮತ್ತೆ ಕೈಗೆತ್ತಿಕೊಂಡರು. ಅವರ ಕಣ್ಣು ತುಂಬಿತ್ತು ಎಂದು ಬರೆದರೆ ಅವರಿಗೆ ಮುಜುಗರವಾದೀತು, ಆದರೂ ತುಂಬಿತ್ತು. ಚಿತ್ರದಲ್ಲಿರುವವರೆಲ್ಲ ಒಪ್ಪಿ ಬರೆದುಕೊಟ್ಟರೆ ಅದನ್ನು ಸೋಮವಾರ ಸಮಿತಿಯ ಮುಂದೆ ಸ್ವತಃ ಇಡುವುದಾಗಿ ಹೇಳಿದರು. ಯಾರಿಗೆ ಬರೆಯಬೇಕು ಎಂದು ಕೇಳಿದಾಗ "ನಂಗೇ ಬರೀರಿ" ಎಂದರು. ಶರಣಮ್ಮ ಒಪ್ಪಲಿಲ್ಲ. "ಇಲ್ಲ ಅಂದದ್ದು ನೀವಲ್ಲ, ಅದು. ಅದಕ್ಕ ಬರೀರಿ." ಕಾರಣ ಈ ಅರ್ಜಿ ತಮಗೆ.

೬. ಪ್ರಾರ್ಥನೆ. ಆದ್ದರಿಂದ, ಮತ್ತು ಮೇಲ್ಕಂಡ ಎಲ್ಲ ಕಾರಣಗಳಿಂದ, ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ:

ಅ) ಸದರಿ ಚಿತ್ರವನ್ನು ಅಳಿಸಬಾರದು. ಮುಖ ಸಹಿತ ಸಮಿತಿಗೆ ಕಳಿಸಬೇಕು. ಅರ್ಜಿದಾರಳೂ ಇತರರೂ ತಮ್ಮ ಗುಟ್ಟನ್ನು ಸ್ವಸಂತೋಷದಿಂದ ಬಿಟ್ಟುಕೊಟ್ಟಿದ್ದಾರೆ.

ಆ) ಚಿತ್ರದ ಕೆಳಗಿನ "ಖಾಲಿ ಕಟ್ಟೆ" ಎಂಬುದನ್ನು ಹೊಡೆದುಹಾಕಿ, "ಕಟ್ಟೆ, ಜನಸಮೇತ" ಎಂದು ತಿದ್ದಬೇಕು.

ಇ) ಕಟ್ಟೆ ಇದ್ದಲ್ಲೇ ಇರಬೇಕು. ವಾಕಿಂಗ್ ಮಾಡಬಯಸುವ ಸಮಿತಿಯವರಿಗೆ ಬೆಳಿಗ್ಗೆ ಬುಟ್ಟಿ ಹೊರಲು ಅವಕಾಶ ಮಾಡಿಕೊಡಲಾಗುವುದು.

ಈ) ಮುಂದೆ ಎಣಿಸುವಾಗ ಸುಮ್ಮನೆ ಕೂತವರನ್ನು ಗೋಡೆಗೆ ಸೇರಿಸಬಾರದು. ತಮ್ಮ ಸ್ವಭಾವಕ್ಕೆ ಅದು ಸಾಧ್ಯವಿಲ್ಲದಿದ್ದರೆ, ಮೈಯ ಯಾವ ಭಾಗವನ್ನು ಆಡಿಸಿದರೆ ಸಾಕು ಎಂದು ತಿಳಿಸಬೇಕು. ಅರ್ಜಿದಾರಳು ದಿನವಿಡೀ ಎಲೆಅಡಿಕೆ ಜಗಿಯುವುದರಿಂದ ದವಡೆಯನ್ನು ಪರಿಗಣಿಸಲು ಕೋರಿದೆ.

ಉ) ಸೋನಾಲಿಯ ಮುಖ ಚಿತ್ರದಲ್ಲಿ ಕಲಸಿದ ಸುಣ್ಣದಂತೆ ಬಂದಿದ್ದು, ಎಣಿಕೆಯಲ್ಲಿ ಸಿಕ್ಕಿದವಳು ಅವಳೊಬ್ಬಳೇ ಆದರೂ ಅದರಿಂದ ಅವಳಿಗೆ ಸಮಾಧಾನವಾಗಿಲ್ಲ. ಮದುವೆ ಸೀರೆ ಇನ್ನೊಮ್ಮೆ ಉಡಲು ಅವಳು ತಯಾರಿದ್ದಾಳೆ.

ನಾಯಿಯ ಬಗ್ಗೆ ತಕರಾರಿಲ್ಲ. ಅದು ಇರುತ್ತದೆ.

ತಮ್ಮ ವಿಶ್ವಾಸಿ, ಕೂತಲ್ಲಿಂದಲೇ,
ಶರಣಮ್ಮ (ಎಡಗೈ ಹೆಬ್ಬೆಟ್ಟು)

ಬರೆದು ಓದಿ ಹೇಳಿದವನು: ರಘುರಾಮ, ಶೆಟ್ಟಿಯಲ್ಲ.

ಲಗತ್ತುಗಳು:
೧. "ಖಾಲಿ ಕಟ್ಟೆ"ಯ ಚಿತ್ರ. ಇದರಲ್ಲಿರುವವರ ಹೆಬ್ಬೆಟ್ಟುಗಳು ಹಿಂಭಾಗದಲ್ಲಿ, ಯಾರು ಎಲ್ಲಿ ಕೂತಿದ್ದಾರೋ ಸರಿಯಾಗಿ ಅವರ ಬೆನ್ನಿಗೆ.
೨. ಮುಕಾದಮ ಅಂಬಾದಾಸನ ಹೇಳಿಕೆ: "ಆಯಿ ಅಲ್ಲೇ ಕುಂದರ್ತಾಳ. ಇಲ್ಲ ಅಂದವರ ಕಣ್ಣು ತಪಾಸ ಮಾಡಸ್ರಿ."
೩. ಮರಾಠಿ ಅಜ್ಜಿ ಕೊಟ್ಟ ಪ್ರಸಾದ, ಒಂದು ಪೊಟ್ಟಣ. ತಾವು ತಿನ್ನದಿದ್ದರೆ ಮೇಡಂ ಅವರಿಗೆ.

ವಿ.ಸೂ.: ಕೆಲಸ ಮುಗಿದ ಮೇಲೆ ಸದರಿ ಚಿತ್ರವನ್ನು ದೊಡ್ಡದು ಮಾಡಿಸಿ, ಒಂದು ಪ್ರತಿಯನ್ನು ಅರ್ಜಿದಾರಳಿಗೆ ಕೊಡಿಸಬೇಕು. ಆಕೆಗೆ ಈ ಲೋಕದಲ್ಲಿ ಬೇರೆ ಫೋಟೊ ಇಲ್ಲ. ಮುಂದೆ ಹಾರ ಹಾಕುವವರಿಗೆ ಬೇಕಾಗುತ್ತದೆ. ಅವಸರವೇನಿಲ್ಲ. ಅಲ್ಲಿಯವರೆಗೆ ಅರ್ಜಿದಾರಳು ಆಗಾಗ ಅಲ್ಲಾಡುತ್ತ ಇರುತ್ತಾಳೆ.